ಹೆಣ್ಣು ಮಗುವಿಗೊಂದು ಪುಟ್ಟ ಹೆಸರು: ಇತಿಹಾಸ ಏನು ಹೇಳುತ್ತದೆ?

ಹೆಣ್ಣು ಮಗು ಹುಟ್ಟಿತೆಂಬ ಸುದ್ದಿ ಬಂದೊಡನೆ ಇಂದು ಅನೇಕ ಮನೆಗಳಲ್ಲಿ ಒಂದು ಹುಡುಕಾಟ ಆರಂಭವಾಗುತ್ತದೆ. ಹೆಸರು ಚಿಕ್ಕದಾಗಿರಬೇಕು, ಎರಡು ಮೂರು ಅಕ್ಷರಗಳಲ್ಲಿ ಮುಗಿಯಬೇಕು. ನೆಂಟರಿಷ್ಟರಲ್ಲಿ ಯಾರಿಗೂ ಆ ಹೆಸರು ಇರಬಾರದು. ಶಾಲೆಯ ಹಾಜರಿ ಪುಸ್ತಕದಲ್ಲಿ ಅದೇ ಹೆಸರಿನ ಇನ್ನೊಬ್ಬಳು ಸಿಗಬಾರದು. ಕೇಳಲು ಇಂಪಾಗಿರಬೇಕು, ಕರೆಯಲು ಸುಲಭವಾಗಿರಬೇಕು. ಮೊಬೈಲ್ ಫೋನಿನಲ್ಲಿ ಪಟ್ಟಿಯ ಮೇಲೆ ಪಟ್ಟಿ ತೆರೆದುಕೊಳ್ಳುತ್ತದೆ. ಅಜ್ಜಿ ಒಂದು ಹೆಸರು ಹೇಳಿದರೆ ಅದು ಹಳತಾಯಿತೆಂದೂ, ಅಜ್ಜ ಇನ್ನೊಂದು ಹೇಳಿದರೆ ಅದು ಉದ್ದವಾಯಿತೆಂದೂ ತಳ್ಳಿಹಾಕಲಾಗುತ್ತದೆ.

ಈ ಹಂಬಲವನ್ನು ತಪ್ಪೆಂದು ಹೇಳಲಾಗದು. ತನ್ನ ಮಗಳು ಗುಂಪಿನಲ್ಲಿ ಕಳೆದುಹೋಗಬಾರದು, ಅವಳನ್ನು ಕರೆದಾಗ ಅವಳೊಬ್ಬಳೇ ತಿರುಗಿ ನೋಡಬೇಕು ಎಂಬ ಆಸೆಯ ಹಿಂದೆ ವಾತ್ಸಲ್ಯವಿದೆ. ಆದರೆ ಪಟ್ಟಿಯಿಂದ ಹೆಸರನ್ನು ಎತ್ತಿಕೊಳ್ಳುವ ಮೊದಲು ಕೇಳಬೇಕಾದ ಕೆಲವು ಪ್ರಶ್ನೆಗಳಿವೆ. ಹೆಣ್ಣು ಮಗುವಿಗೆ ಹೆಸರಿಡುವುದೆಂದರೆ ಏನು? ನಮ್ಮ ಪರಂಪರೆಯಲ್ಲಿ ಆ ಕಾರ್ಯಕ್ಕೆ ಯಾವ ಬೆಲೆ ಇತ್ತು? ಚಿಕ್ಕದೂ ಅಪರೂಪವೂ ಆದ ಹೆಸರುಗಳನ್ನು ಹೊತ್ತು ಬಾಳಿದ ಮಹಿಳೆಯರು ಯಾರು? ಇತಿಹಾಸದ ಪುಟಗಳನ್ನು ತಿರುವಿದಾಗ ಇವುಗಳಿಗೆ ದೊರೆಯುವ ಉತ್ತರಗಳು ಇಂದಿನ ತಂದೆತಾಯಿಯರಿಗೆ ಬಹಳ ಉಪಯುಕ್ತವಾಗಿವೆ.

ಮರೆಮಾಚಿದ ಸುದ್ದಿ, ಸಾರಿ ಹೇಳಿದ ಹೆಸರು

ಪ್ರವಾದಿ ಮುಹಮ್ಮದ್(ಸ)ರ ಆಗಮನಕ್ಕೆ ಮುನ್ನ ಅರೇಬಿಯದ ಕೆಲವು ಗೋತ್ರಗಳಲ್ಲಿ ಹೆಣ್ಣು ಮಗುವನ್ನು ಜೀವಂತ ಹೂಳುವ ಕ್ರೌರ್ಯವಿತ್ತು. ಮಗಳು ಹುಟ್ಟಿದ ಸುದ್ದಿ ಕೇಳಿದ ತಂದೆಯ ಮುಖ ಕಪ್ಪಿಡುತ್ತಿತ್ತು. ಅವನು ಜನರಿಂದ ಮುಖ ಮರೆಸಿಕೊಂಡು, ಈ ಅವಮಾನವನ್ನು ಹೊತ್ತು ಅವಳನ್ನು ಉಳಿಸಿಕೊಳ್ಳಲೇ, ಮಣ್ಣಿನಲ್ಲಿ ಹುದುಗಿಸಲೇ ಎಂದು ತೊಳಲಾಡುತ್ತಿದ್ದ. ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯವು ಈ ಚಿತ್ರವನ್ನು ನಮ್ಮ ಮುಂದಿಟ್ಟು ಆ ತೀರ್ಮಾನವನ್ನು ಖಂಡಿಸುತ್ತದೆ. ಅತ್ತಕ್ವೀರ್ ಅಧ್ಯಾಯವು ಇನ್ನೂ ಮುಂದೆ ಹೋಗಿ, ಅಂತ್ಯದಿನದಂದು ಹೂಳಲ್ಪಟ್ಟ ಆ ಮಗುವನ್ನೇ ಯಾವ ಅಪರಾಧಕ್ಕಾಗಿ ಕೊಲ್ಲಲ್ಪಟ್ಟೆ ಎಂದು ಪ್ರಶ್ನಿಸಲಾಗುವುದೆಂದು ಎಚ್ಚರಿಸುತ್ತದೆ. ಲೋಕದಲ್ಲಿ ಯಾರೂ ಕರೆಯದ, ಯಾರೂ ಕೇಳದ ಆ ಕಂದಮ್ಮನಿಗೆ ಸೃಷ್ಟಿಕರ್ತನ ನ್ಯಾಯಾಲಯದಲ್ಲಿ ಮಾತನಾಡುವ ಅವಕಾಶ ದೊರೆಯುತ್ತದೆ.

ಆ ಕತ್ತಲಲ್ಲಿಯೂ ಬೆಳಕಿನ ಕಿಡಿಗಳಿದ್ದವು. ಪ್ರವಾದಿತ್ವಕ್ಕೆ ಮುನ್ನ ಮಕ್ಕಾದಲ್ಲಿ ಬಾಳಿದ ಝೈದ್ ಬಿನ್ ಅಮ್ರ್ ಬಿನ್ ನುಫೈಲ್ ಎಂಬ ಏಕದೇವ ವಿಶ್ವಾಸಿಯು, ಮಗಳನ್ನು ಕೊಲ್ಲಲು ಹೊರಟ ತಂದೆಯನ್ನು ತಡೆದು, ಅವಳ ಪೋಷಣೆಯ ಹೊಣೆಯನ್ನು ತಾನು ಹೊರುವೆನೆಂದು ಹೇಳಿ ಆ ಮಗುವನ್ನು ಪಡೆದುಕೊಳ್ಳುತ್ತಿದ್ದರು. ಅವಳು ಬೆಳೆದ ಬಳಿಕ ತಂದೆಗೆ ಬೇಕಿದ್ದರೆ ಹಿಂದಿರುಗಿಸುವುದಾಗಿಯೂ ಹೇಳುತ್ತಿದ್ದರು. ಸಹೀಹ್ ಬುಖಾರಿಯಲ್ಲಿರುವ ಈ ಪ್ರಸಂಗವನ್ನು ನಮಗೆ ತಲುಪಿಸಿದವರು ಒಬ್ಬ ಮಹಿಳೆ: ಅಬೂಬಕರ್(ರ)ರ ಪುತ್ರಿ ಅಸ್ಮಾ(ರ). ಹೆಣ್ಣುಮಕ್ಕಳನ್ನು ಉಳಿಸಿದವನ ಹೆಸರನ್ನು ಒಬ್ಬ ಹೆಣ್ಣುಮಗಳು ಉಳಿಸಿದಳು.

ಇಸ್ಲಾಮ್ ಬಂದ ಬಳಿಕ ಮರೆಮಾಚುವ ಸುದ್ದಿ ಸಾರುವ ಸುದ್ದಿಯಾಯಿತು. ಏಳನೆಯ ದಿನ ಅಖೀಖಾ ನೀಡಿ, ತಲೆಗೂದಲು ತೆಗೆದು, ಹೆಸರಿಡುವ ಕ್ರಮವನ್ನು ಪ್ರವಾದಿವರ್ಯರು(ಸ) ಕಲಿಸಿದರು. ಹೆಣ್ಣು ಮಗುವಿಗೂ ಅಖೀಖಾ ಇದೆ, ಅವಳಿಗೂ ಬಂಧುಬಳಗದ ಮುಂದೆ ಹೆಸರಿದೆ. ಸ್ವತಃ ಪ್ರವಾದಿವರ್ಯರು(ಸ) ತಮ್ಮ ಪುತ್ರಿ ಝೈನಬ್(ರ)ರ ಮಗಳಾದ ಉಮಾಮಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಮಾಝ್ ಮಾಡಿದ್ದನ್ನು, ಸುಜೂದ್‌ಗೆ ಹೋಗುವಾಗ ಕೆಳಗಿಳಿಸಿ ಏಳುವಾಗ ಮತ್ತೆ ಎತ್ತಿಕೊಂಡಿದ್ದನ್ನು ಬುಖಾರಿ ಮತ್ತು ಮುಸ್ಲಿಮ್ ಎರಡೂ ಗ್ರಂಥಗಳು ದಾಖಲಿಸಿವೆ. ಮಗಳನ್ನು ಹೂಳುತ್ತಿದ್ದ ನಾಡಿನಲ್ಲಿ ಮೊಮ್ಮಗಳೊಬ್ಬಳು ಮಸೀದಿಯೊಳಗೆ ಎಲ್ಲರ ಕಣ್ಣೆದುರು ಹೆಗಲೇರಿದಳು. ಅವಳ ಹೆಸರು ಇಂದಿಗೂ ನಮಗೆ ತಿಳಿದಿದೆ. ಹೆಣ್ಣು ಮಗುವಿನ ಹೆಸರೆಂಬುದು ಅವಳು ಸ್ವೀಕರಿಸಲ್ಪಟ್ಟಳೆಂಬುದರ ಮೊದಲ ಘೋಷಣೆ. ಹೆಸರಿನ ಆಯ್ಕೆಯನ್ನು ಈ ಹಿನ್ನೆಲೆಯಲ್ಲಿ ಕಾಣಬೇಕು.

ತಾಯಿಯೇ ಇಟ್ಟ ಹೆಸರು

ಪವಿತ್ರ ಕುರ್‌ಆನಿನಲ್ಲಿ ಒಂದು ನಾಮಕರಣದ ಪ್ರಸಂಗವಿದೆ. ಅದು ಹೆಣ್ಣು ಮಗುವಿನದು. ಇಮ್ರಾನ್‌ರ ಪತ್ನಿ ತನ್ನ ಗರ್ಭದಲ್ಲಿರುವ ಮಗುವನ್ನು ಅಲ್ಲಾಹನ ಸೇವೆಗೆ ಮುಡಿಪಾಗಿಡುವೆನೆಂದು ಹರಕೆ ಹೊತ್ತಿದ್ದರು. ಗಂಡು ಮಗುವಿನ ನಿರೀಕ್ಷೆಯಲ್ಲಿದ್ದ ಆ ತಾಯಿಗೆ ಹೆಣ್ಣು ಮಗು ಹುಟ್ಟಿತು. ಆಕೆ ಮಗುವಿಗೆ ಮರ್ಯಮ್ ಎಂದು ಹೆಸರಿಟ್ಟು, ಅವಳನ್ನೂ ಅವಳ ಸಂತತಿಯನ್ನೂ ಶೈತಾನನಿಂದ ರಕ್ಷಿಸುವಂತೆ ಪ್ರಾರ್ಥಿಸಿದರು. ಆಲು ಇಮ್ರಾನ್ ಅಧ್ಯಾಯವು ಈ ಘಟನೆಯನ್ನು ವಿವರಿಸಿ, ಪ್ರಭು ಆ ಮಗುವನ್ನು ಸಂತೋಷದಿಂದ ಸ್ವೀಕರಿಸಿದನೆಂದು ತಿಳಿಸುತ್ತದೆ. ಆ ತಾಯಿಯ ಹೆಸರು ಹನ್ನಾ ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಅದೂ ಎರಡೇ ಅಕ್ಷರದ ಹೆಸರು.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಹಲವು ಅಂಶಗಳಿವೆ. ಹೆಸರಿಟ್ಟವರು ತಾಯಿ. ತಂದೆತಾಯಿಯರಲ್ಲಿ ಭಿನ್ನಾಭಿಪ್ರಾಯ ಬಂದಲ್ಲಿ ಹೆಸರಿಡುವ ಅಧಿಕಾರ ತಂದೆಗೆ ಸೇರಿದ್ದೆಂದು ಇಮಾಮ್ ಇಬ್ನುಲ್ ಖಯ್ಯಿಮ್‌ರಂತಹ (ನಿಧನ: ಕ್ರಿ.ಶ. 1350) ವಿದ್ವಾಂಸರು ಬರೆದಿದ್ದಾರೆ, ನಿಜ. ಆದರೆ ತಾಯಿಯ ಮಾತಿಗೆ ಅಲ್ಲಿ ಸ್ಥಾನವೇ ಇಲ್ಲವೆಂದು ಅದನ್ನು ಅರ್ಥೈಸುವವರು ಮರ್ಯಮ್‌ರ ತಾಯಿಯನ್ನು ನೆನೆಯಬೇಕು. ಇನ್ನು, ಹೆಸರು ಪ್ರಾರ್ಥನೆಯೊಂದಿಗೆ ಬಂತು. ಹೆಸರನ್ನೂ ರಕ್ಷಣೆಯ ಬೇಡಿಕೆಯನ್ನೂ ಆ ತಾಯಿ ಒಂದೇ ಉಸಿರಿನಲ್ಲಿ ಹೇಳಿದರು. ಹುಟ್ಟಿದ ದಿನವೇ ಹೆಸರಿಡಬಹುದೆಂಬುದಕ್ಕೂ ವಿದ್ವಾಂಸರು ಈ ಸೂಕ್ತದಿಂದ ಆಧಾರ ಪಡೆದಿದ್ದಾರೆ. ಪ್ರವಾದಿವರ್ಯರು(ಸ) ತಮ್ಮ ಪುತ್ರ ಇಬ್ರಾಹೀಮ್‌ಗೆ ಹುಟ್ಟಿದ ರಾತ್ರಿಯೇ ಹೆಸರಿಟ್ಟಿದ್ದರು. ಹಾಗಾಗಿ ಮೊದಲ ದಿನವೂ ಸರಿ, ಏಳನೆಯ ದಿನವೂ ಸರಿ.

ಕುರ್‌ಆನಿನಲ್ಲಿ ಸ್ವಂತ ಹೆಸರಿನಿಂದ ಉಲ್ಲೇಖಗೊಂಡ ಏಕೈಕ ಮಹಿಳೆ ಮರ್ಯಮ್. ಆ ಹೆಸರು 34 ಬಾರಿ ಬರುತ್ತದೆ. ಹತ್ತೊಂಬತ್ತನೆಯ ಅಧ್ಯಾಯಕ್ಕೆ ಆ ಹೆಸರೇ ಇದೆ. ನಿರೀಕ್ಷೆಗೆ ವಿರುದ್ಧವಾಗಿ ಹುಟ್ಟಿದ ಹೆಣ್ಣು ಮಗುವಿನ ಹೆಸರು ಗ್ರಂಥದ ಅಧ್ಯಾಯವೊಂದರ ಶಿರೋನಾಮೆಯಾಯಿತು.

ಬದಲಾದ ಹೆಸರುಗಳು, ಉಳಿದ ಹೆಸರುಗಳು

ಪ್ರವಾದಿವರ್ಯರು(ಸ) ಕೆಲವು ಹೆಸರುಗಳನ್ನು ಬದಲಾಯಿಸಿದ್ದರು. ಝೈನಬ್ ಬಿನ್ತ್ ಜಹ್ಶ್(ರ)ರ ಮೊದಲ ಹೆಸರು ಬರ್ರಾ. ಉಮ್ಮು ಸಲಮಾ(ರ)ರ ಮಗಳು ಝೈನಬ್‌ಳ ಹೆಸರೂ ಬರ್ರಾ ಎಂದೇ ಇತ್ತು. ಜುವೈರಿಯಾ ಬಿನ್ತ್ ಹಾರಿಸ್(ರ)ರ ಹೆಸರೂ ಅದೇ ಆಗಿತ್ತು. ಬರ್ರಾ ಎಂದರೆ ಪುಣ್ಯವಂತೆ. ಅರ್ಥ ಒಳ್ಳೆಯದೇ, ಆದರೆ ತನ್ನನ್ನು ತಾನೇ ಪುಣ್ಯವಂತೆಯೆಂದು ಕರೆದುಕೊಂಡಂತೆ ಆಗುತ್ತದೆ, ಯಾರು ಪುಣ್ಯವಂತರೆಂಬುದನ್ನು ಅಲ್ಲಾಹನು ಬಲ್ಲನು ಎಂಬುದು ಪ್ರವಾದಿವರ್ಯರ(ಸ) ಕಾಳಜಿ. ಅವರು ಆರಿಸಿದ ಬದಲಿ ಹೆಸರುಗಳು ಸರಳವಾದವು. ಜುವೈರಿಯಾ ಎಂದರೆ ಪುಟ್ಟ ಹುಡುಗಿ, ಅಷ್ಟೇ.

ಉಮರ್(ರ)ರ ಪುತ್ರಿಯೊಬ್ಬಳಿಗೆ ಆಸಿಯಾ ಎಂಬ ಹೆಸರಿತ್ತು. ಅವಿಧೇಯಳು ಎಂಬುದು ಅದರ ಅರ್ಥ. ಪ್ರವಾದಿವರ್ಯರು(ಸ) ಅದನ್ನು ಜಮೀಲಾ, ಅಂದರೆ ಸುಂದರಿ ಎಂದು ಬದಲಾಯಿಸಿದರು. ಮಗಳಿಗೆ ಅಹಂಕಾರದ ಹೆಸರೂ ಬೇಡ, ಅವಮಾನದ ಹೆಸರೂ ಬೇಡ ಎಂಬ ಎರಡು ಎಲ್ಲೆಗಳು ಈ ಪ್ರಸಂಗಗಳಿಂದ ಸ್ಪಷ್ಟವಾಗುತ್ತವೆ.

ಹೆಸರು ಬದಲಾಯಿಸಲು ಒಪ್ಪದವರೂ ಇದ್ದರು. ಪ್ರಸಿದ್ಧ ವಿದ್ವಾಂಸ ಸಈದ್ ಬಿನ್ ಮುಸಯ್ಯಬ್‌ರ ಅಜ್ಜನ ಹೆಸರು ಹಝ್ನ್, ಅಂದರೆ ಒರಟು ನೆಲ. ಪ್ರವಾದಿವರ್ಯರು(ಸ) ಅವರನ್ನು ಸಹ್ಲ್, ಅಂದರೆ ಮೆದು ಅಥವಾ ಸುಲಭ, ಎಂದು ಕರೆಯಬಯಸಿದಾಗ, ತಂದೆ ಇಟ್ಟ ಹೆಸರನ್ನು ಬಿಡೆನೆಂದು ಅವರು ನಿರಾಕರಿಸಿದರು. ಆ ಒರಟುತನ ಬಳಿಕವೂ ತಮ್ಮ ಕುಟುಂಬದಲ್ಲಿ ಉಳಿಯಿತೆಂದು ಮೊಮ್ಮಗ ಸಈದ್ ಹೇಳಿಕೊಂಡಿದ್ದಾರೆ. ಇಲ್ಲಿ ಇನ್ನೊಂದು ವಿಷಯವೂ ಇದೆ: ನಿರಾಕರಿಸಿದಾಗ ಅವರ ಮೇಲೆ ಬಲವಂತ ನಡೆಯಲಿಲ್ಲ.

ಬದಲಾದ ಹೆಸರುಗಳಿಗಿಂತ ಬದಲಾಗದೆ ಉಳಿದ ಹೆಸರುಗಳೇ ಬಹಳ. ಇಸ್ಲಾಮಿಗೆ ಮುನ್ನ ಚಾಲ್ತಿಯಲ್ಲಿದ್ದ ಹಿಂದ್, ರಮ್ಲಾ, ಹಾಲಾ, ಅರ್ವಾ, ಅಸ್ಮಾ ಮುಂತಾದ ಹೆಸರುಗಳು ಹಾಗೆಯೇ ಮುಂದುವರಿದವು. ಹೆಸರು ಅರಬರ ಹಳೆಯ ಬದುಕಿನಿಂದ ಬಂದದ್ದೆಂಬ ಕಾರಣಕ್ಕೆ ಯಾರೂ ಅದನ್ನು ತೊರೆಯಬೇಕಾಗಿ ಬರಲಿಲ್ಲ. ವಿಶ್ವಾಸಕ್ಕೆ ಧಕ್ಕೆ ತರದ, ಅರ್ಥದಲ್ಲಿ ಕೆಡುಕಿಲ್ಲದ ಹೆಸರು ಯಾವ ಭಾಷೆಯದಾದರೂ ಸ್ವೀಕಾರಾರ್ಹವೆಂಬ ವಿಶಾಲತೆಗೆ ಇದೇ ಸಾಕ್ಷಿ.

ಒಂದೇ ಬರಹ, ಎರಡು ಹೆಸರು

ಮೇಲೆ ಹೇಳಿದ ಆಸಿಯಾ ಎಂಬ ಹೆಸರನ್ನು ಓದಿದಾಗ ಅನೇಕರಿಗೆ ಅಚ್ಚರಿಯಾಗಿರಬಹುದು. ಫಿರ್‌ಔನನ ಪತ್ನಿಯಾಗಿದ್ದೂ ಸತ್ಯವಿಶ್ವಾಸವನ್ನು ಎತ್ತಿಹಿಡಿದ, ಶ್ರೇಷ್ಠ ಮಹಿಳೆಯರ ಸಾಲಿನಲ್ಲಿ ಮರ್ಯಮ್‌ರೊಂದಿಗೆ ಪ್ರವಾದಿವರ್ಯರು(ಸ) ಎಣಿಸಿದ ಮಹಾತಾಯಿಯ ಹೆಸರೂ ಆಸಿಯಾ ತಾನೇ? ಹೌದು. ಆದರೆ ಅರಬಿಯಲ್ಲಿ ಇವು ಎರಡು ಬೇರೆ ಪದಗಳು. ಉಮರ್(ರ)ರ ಮಗಳ ಹಳೆಯ ಹೆಸರು ‘ಐನ್’ ಮತ್ತು ‘ಸ್ವಾದ್’ ಅಕ್ಷರಗಳಿಂದ ಬರೆಯಲ್ಪಡುತ್ತದೆ. ಫಿರ್‌ಔನನ ಪತ್ನಿಯ ಹೆಸರು ‘ಅಲಿಫ್’ ಮತ್ತು ‘ಸೀನ್’ ಅಕ್ಷರಗಳಿಂದ ಬರೆಯಲ್ಪಡುತ್ತದೆ. ಕನ್ನಡದಲ್ಲಿ ಬರೆದಾಗ ಎರಡೂ ಒಂದೇ ಆಗಿಬಿಡುತ್ತವೆ. ಇಂಗ್ಲಿಷ್ ಅಕ್ಷರಗಳಲ್ಲಿಯೂ ಭೇದ ಉಳಿಯುವುದಿಲ್ಲ. ಒಂದು ಪ್ರವಾದಿವರ್ಯರು(ಸ) ತೆಗೆದುಹಾಕಿದ ಹೆಸರು, ಇನ್ನೊಂದು ಅವರು ಹೊಗಳಿದ ಮಹಿಳೆಯ ಹೆಸರು.

ಮೊಬೈಲ್ ಪಟ್ಟಿಗಳನ್ನು ನಂಬಿ ಹೆಸರಿಡುವವರು ಎಡವುವುದು ಇಲ್ಲಿಯೇ. ಅರಬಿಯ ಮೂರು ನಾಲ್ಕು ಅಕ್ಷರಗಳು ಕನ್ನಡದ ಒಂದೇ ಅಕ್ಷರದಲ್ಲಿ ಕೂಡಿಕೊಳ್ಳುತ್ತವೆ. ಸೀನ್, ಸ್ವಾದ್, ಸಾ ಮೂರೂ ನಮಗೆ ‘ಸ’ ಆಗುತ್ತವೆ. ಹೆಸರು ಚಿಕ್ಕದಾದಷ್ಟೂ ಅಪಾಯ ಹೆಚ್ಚು. ಏಕೆಂದರೆ ಎರಡೇ ಅಕ್ಷರವಿರುವಲ್ಲಿ ಒಂದು ಬದಲಾದರೆ ಇಡೀ ಅರ್ಥವೇ ಬದಲಾಗುತ್ತದೆ. ಆದ್ದರಿಂದ ಹೆಸರನ್ನು ನಿರ್ಧರಿಸುವ ಮುನ್ನ ಅದರ ಅರಬಿ ಬರಹವನ್ನು ಬಲ್ಲವರಲ್ಲಿ ಬರೆಸಿ, ಆ ಬರಹದ ಅರ್ಥವನ್ನು ಕೇಳಿಕೊಳ್ಳುವುದು ಕ್ಷೇಮ.

ಕುರ್‌ಆನಿನಲ್ಲಿ ಇದೆ ಎಂಬ ಒಂದೇ ಕಾರಣಕ್ಕೆ ಪದವೊಂದು ಹೆಸರಾಗದು ಎಂಬುದನ್ನೂ ನೆನಪಿಡಬೇಕು. ಲೀನಾ ಎಂಬ ಪದ ಅಲ್ ಹಶ್ರ್ ಅಧ್ಯಾಯದಲ್ಲಿ ಖರ್ಜೂರದ ಮರ ಎಂಬರ್ಥದಲ್ಲಿ ಬಂದಿದೆ. ಅದು ಚಿಕ್ಕದಾದ ಚೆಂದದ ಹೆಸರು. ಆದರೆ ಅಲ್ ಮಆರಿಜ್ ಅಧ್ಯಾಯದಲ್ಲಿ ಬರುವ ಲಝಾ ಎಂಬ ಪದವೂ ಕಿವಿಗೆ ಅಷ್ಟೇ ಇಂಪಾಗಿದೆ. ಅದು ನರಕದ ಧಗಧಗಿಸುವ ಜ್ವಾಲೆಗೆ ಹೇಳಿದ ಮಾತು. ಇಂಪನ್ನು ಮಾತ್ರ ನೋಡುವವನಿಗೆ ಈ ಎರಡರಲ್ಲಿ ಯಾವ ವ್ಯತ್ಯಾಸವೂ ತೋರದು.

ಪುಟ್ಟ ಹೆಸರು, ದೊಡ್ಡ ಬಾಳು

ಚಿಕ್ಕದೂ ಅಪರೂಪವೂ ಆದ ಹೆಸರನ್ನು ಬಯಸುವವರಿಗೆ ನಮ್ಮ ಇತಿಹಾಸದಲ್ಲಿ ಬಡತನವಿಲ್ಲ. ವಿಚಿತ್ರವೆಂದರೆ, ಅತ್ಯಂತ ಪರಿಚಿತ ಮಹಿಳೆಯರ ಹೆಸರುಗಳೇ ನಮಗೆ ಅಪರಿಚಿತ. ‘ಇಂಥವರ ತಾಯಿ’ ಎಂಬ ಗೌರವದ ಕುನ್ಯತ್‌ನಿಂದ ಅವರನ್ನು ಕರೆಯುವ ರೂಢಿಯಿಂದಾಗಿ ಮೂಲ ಹೆಸರು ಮರೆಯಾಗಿದೆ. ಉಮ್ಮು ಹಬೀಬಾ(ರ)ರ ಹೆಸರು ರಮ್ಲಾ. ಉಹುದ್ ಯುದ್ಧದಲ್ಲಿ (ಕ್ರಿ.ಶ. 625) ಪ್ರವಾದಿವರ್ಯರ(ಸ) ರಕ್ಷಣೆಗೆ ನಿಂತು ಗಾಯಗೊಂಡ ಉಮ್ಮು ಉಮಾರಾ(ರ)ರ ಹೆಸರು ನುಸೈಬಾ. ಅನಸ್(ರ)ರ ತಾಯಿ ಉಮ್ಮು ಸುಲೈಮ್(ರ) ರುಮೈಸಾ ಎಂದು ಪ್ರಸಿದ್ಧರು. ಅಬೂ ತಲ್ಹಾ(ರ) ಮದುವೆಯ ಪ್ರಸ್ತಾಪ ತಂದಾಗ ಅವರ ಇಸ್ಲಾಮ್ ಸ್ವೀಕಾರವನ್ನೇ ಮಹರ್ ಆಗಿ ಒಪ್ಪಿಕೊಂಡವರು ಅವರು.

ಉಮ್ಮು ಸಲಮಾ(ರ)ರ ಹೆಸರು ಹಿಂದ್. ಅರಬಿ ನಿಘಂಟುಕಾರರು ಈ ಪದವನ್ನು ನೂರು ಒಂಟೆಗಳ ಸಂಪತ್ತಿನೊಂದಿಗೆ ಜೋಡಿಸುತ್ತಾರೆ. ನಮ್ಮ ದೇಶವನ್ನೂ ಅರಬರು ಹಿಂದ್ ಎಂದೇ ಕರೆದರು. ಹುದೈಬಿಯಾ ಒಪ್ಪಂದದ ದಿನ (ಕ್ರಿ.ಶ. 628) ಉಮ್ರಾ ಮಾಡದೆ ಹಿಂದಿರುಗಬೇಕಾದ ದುಃಖದಲ್ಲಿ ಸಹಾಬಿಗಳು ಬಲಿಮೃಗವನ್ನು ಕೊಯ್ಯಲು ಮುಂದಾಗದಿದ್ದಾಗ, ಯಾರೊಡನೆಯೂ ಮಾತನಾಡದೆ ತಾವೇ ಮೊದಲು ಬಲಿ ನೀಡಿ ತಲೆಗೂದಲು ತೆಗೆಸುವಂತೆ ಪ್ರವಾದಿವರ್ಯರಿಗೆ(ಸ) ಸಲಹೆಯಿತ್ತವರು ಇದೇ ಹಿಂದ್. ಹಾಗೆ ಮಾಡಿದೊಡನೆ ಎಲ್ಲರೂ ಅನುಸರಿಸಿದರು. ಅದೇ ಕಾಲದಲ್ಲಿ ಇನ್ನೊಬ್ಬ ಹಿಂದ್ ಇದ್ದರು: ಉತ್ಬಾನ ಮಗಳು, ಉಹುದ್‌ನಲ್ಲಿ ಶತ್ರುಪಕ್ಷದಲ್ಲಿ ನಿಂತವರು, ಮಕ್ಕಾ ವಿಜಯದ ವೇಳೆ (ಕ್ರಿ.ಶ. 630) ಇಸ್ಲಾಮ್ ಸ್ವೀಕರಿಸಿದವರು. ಹೆಸರು ಒಂದೇ, ಹಾದಿಗಳು ಎರಡು. ಹೆಸರು ಯಾರನ್ನೂ ತಾನಾಗಿ ಶ್ರೇಷ್ಠರನ್ನಾಗಿಸುವುದಿಲ್ಲ.

ಖದೀಜಾ(ರ)ರ ಸಹೋದರಿಯ ಹೆಸರು ಹಾಲಾ. ಚಂದ್ರನ ಸುತ್ತ ಕಟ್ಟುವ ಬೆಳಕಿನ ವರ್ತುಲಕ್ಕೆ ಅರಬಿಯಲ್ಲಿ ಹಾಲಾ ಎನ್ನುತ್ತಾರೆ. ಖದೀಜಾ(ರ) ತೀರಿಕೊಂಡು ವರ್ಷಗಳಾದ ಬಳಿಕ ಒಮ್ಮೆ ಹಾಲಾ ಬಾಗಿಲಲ್ಲಿ ನಿಂತು ಒಳಬರಲು ಅನುಮತಿ ಕೇಳಿದರು. ಆ ದನಿಯಲ್ಲಿ ಖದೀಜಾ(ರ) ಅನುಮತಿ ಕೇಳುತ್ತಿದ್ದ ರೀತಿಯನ್ನು ಗುರುತಿಸಿದ ಪ್ರವಾದಿವರ್ಯರ(ಸ) ಮನಸ್ಸು ಕಲಕಿತೆಂದು ಆಯಿಶಾ(ರ) ವರದಿ ಮಾಡಿದ್ದಾರೆ. ಪ್ರವಾದಿವರ್ಯರ(ಸ) ಹೆಗಲೇರಿದ ಉಮಾಮಾಳ ತಂದೆಯ ತಾಯಿಯೂ ಇದೇ ಹಾಲಾ.

ಶಿಫಾ ಬಿನ್ತ್ ಅಬ್ದುಲ್ಲಾಹ್(ರ) ಬರಹ ಬಲ್ಲವರು ತೀರಾ ವಿರಳವಾಗಿದ್ದ ಕಾಲದಲ್ಲಿ ಬರೆಯಲು ಕಲಿತಿದ್ದ ಖುರೈಷ್ ಮಹಿಳೆ. ಶಿಫಾ ಎಂದರೆ ಗುಣಮುಖವಾಗುವಿಕೆ. ಅವರು ಹಫ್ಸಾ(ರ)ರಿಗೆ ಬರಹ ಕಲಿಸಿದ್ದರೆಂದು ಅಬೂ ದಾವೂದ್ ಗ್ರಂಥದಿಂದ ತಿಳಿಯುತ್ತದೆ. ಅಬೂಬಕರ್(ರ)ರ ಕಾಲದಲ್ಲಿ ಸಂಗ್ರಹಿಸಲಾದ ಕುರ್‌ಆನಿನ ಹಾಳೆಗಳು ಅವರ ಬಳಿಕ ಉಮರ್(ರ)ರ ಬಳಿಯಿದ್ದು, ಅನಂತರ ಹಫ್ಸಾ(ರ)ರ ವಶಕ್ಕೆ ಬಂದವು. ಖಲೀಫಾ ಉಸ್ಮಾನ್(ರ) ಪ್ರತಿಗಳನ್ನು ಮಾಡಿಸಿದಾಗ ಹಫ್ಸಾ(ರ)ರಿಂದಲೇ ಆ ಹಾಳೆಗಳನ್ನು ತರಿಸಿಕೊಂಡರು. ಇಂದು ನಮ್ಮ ಮನೆಗಳಲ್ಲಿರುವ ಮುಸ್‌ಹಫ್‌ನ ಇತಿಹಾಸದಲ್ಲಿ ಶಿಫಾ ಮತ್ತು ಹಫ್ಸಾ ಎಂಬ ಎರಡು ಪುಟ್ಟ ಹೆಸರುಗಳಿವೆ.

ಅರ್ವಾ ಎಂಬುದು ಬೆಟ್ಟದ ಮೇಕೆಯ ಹೆಸರು. ಕಡಿದಾದ ಬಂಡೆಗಳ ಮೇಲೆ ಹೆಜ್ಜೆ ತಪ್ಪದೆ ನಡೆಯುವ ಆ ಪ್ರಾಣಿಯನ್ನು ಅರಬರು ಮೆಚ್ಚಿದ್ದರು. ಉಸ್ಮಾನ್(ರ)ರ ತಾಯಿಯ ಹೆಸರು ಅರ್ವಾ. ಹನ್ನೆರಡನೆಯ ಶತಮಾನದ ಯಮನಿನಲ್ಲಿ ಜಿಬ್ಲಾವನ್ನು ರಾಜಧಾನಿಯಾಗಿ ಮಾಡಿಕೊಂಡು ದೀರ್ಘಕಾಲ ಆಳಿ 1138ರಲ್ಲಿ ನಿಧನಳಾದ ಸುಲೈಹಿ ವಂಶದ ರಾಣಿಯೂ ಅರ್ವಾ. ಅವಳ ಹೆಸರಿನ ಮಸೀದಿ ಇಂದಿಗೂ ಜಿಬ್ಲಾದಲ್ಲಿದೆ.

ಲುಬ್ನಾ ಎಂಬುದು ಸುಗಂಧದ ಅಂಟು ಒಸರುವ ಮರದ ಹೆಸರು. ಹತ್ತನೆಯ ಶತಮಾನದ ಕುರ್ತುಬಾದಲ್ಲಿ ಖಲೀಫಾ ಎರಡನೆಯ ಹಕಮ್‌ನ ಆಸ್ಥಾನದಲ್ಲಿ ಲುಬ್ನಾ ಎಂಬ ಲಿಪಿಕಾರ್ತಿಯಿದ್ದಳು. ವ್ಯಾಕರಣ, ಕಾವ್ಯ, ಗಣಿತಗಳಲ್ಲಿ ಅವಳಿಗಿದ್ದ ನೈಪುಣ್ಯವನ್ನು ಅಂದಲೂಸಿನ ಚರಿತ್ರೆಕಾರ ಇಬ್ನು ಬಶ್ಕುವಾಲ್ ಕೆಲವೇ ಸಾಲುಗಳಲ್ಲಿ ದಾಖಲಿಸಿದ್ದಾನೆ. ಬಗ್ದಾದಿನಲ್ಲಿ ಶುಹ್ದಾ ಎಂಬಾಕೆ ಬಾಳಿದ್ದಳು. ಆ ಹೆಸರು ಜೇನುಗೂಡಿನ ಜೇನಿಗೆ ಸಂಬಂಧಿಸಿದ್ದು. ಸುಂದರ ಕೈಬರಹಕ್ಕಾಗಿ ಅವಳನ್ನು ಜನರು ‘ಅಲ್ ಕಾತಿಬಾ’ ಎಂದು ಕರೆದರು. ತೊಂಬತ್ತು ವರ್ಷ ದಾಟಿ ಬಾಳಿ 1178ರಲ್ಲಿ ನಿಧನಳಾದ ಆಕೆಯಿಂದ ಇಮಾಮ್ ಇಬ್ನುಲ್ ಜೌಝಿಯಂತಹ ಮಹಾವಿದ್ವಾಂಸರು ಹದೀಸ್ ಕಲಿತರು.

ಪುಟ್ಟ ಹೆಸರಿನ ಬಲಕ್ಕೆ ಇನ್ನೊಂದು ಉದಾಹರಣೆಯಿದೆ. ಅಬ್ಬಾಸಿ ಖಲೀಫಾ ಮನ್ಸೂರನ ಮೊಮ್ಮಗಳಿಗೆ ಅಮತುಲ್ ಅಝೀಝ್ ಎಂಬ ಗಂಭೀರವಾದ ಹೆಸರಿತ್ತು. ಬೆಳ್ಳಗೆ ದುಂಡಗಿದ್ದ ಆ ಮಗುವನ್ನು ಅಜ್ಜ ಮುದ್ದಿನಿಂದ ಝುಬೈದಾ, ಅಂದರೆ ಪುಟ್ಟ ಬೆಣ್ಣೆಮುದ್ದೆ, ಎಂದು ಕರೆದ. ಮುಂದೆ ಹಾರೂನ್ ರಶೀದನ ಪತ್ನಿಯಾದ ಅವಳು ಕೂಫಾದಿಂದ ಮಕ್ಕಾಕ್ಕೆ ಹೋಗುವ ಹಜ್ಜ್ ದಾರಿಯುದ್ದಕ್ಕೂ ಬಾವಿ, ಕೊಳಗಳನ್ನು ಕಟ್ಟಿಸಿದಳು. ಮಕ್ಕಾಕ್ಕೆ ಕಾಲುವೆಯಿಂದ ನೀರು ಹರಿಸಿದಳು. ಆ ದಾರಿಗೆ ಅವಳ ಹೆಸರೇ ಉಳಿದಿದೆ, ಆದರೆ ಉಳಿದದ್ದು ಅಜ್ಜನ ಮುದ್ದಿನ ಹೆಸರು. ಯಾತ್ರಿಕರು ನೀರು ಕುಡಿದು ಹರಸಿದ್ದು ಝುಬೈದಾಳನ್ನು.

ಬರೆದಿಟ್ಟ ಹೆಸರುಗಳು

ಈ ಹೆಸರುಗಳೆಲ್ಲ ನಮ್ಮವರೆಗೆ ತಲುಪಿದ್ದು ಹೇಗೆ? ಅವುಗಳನ್ನು ಬರೆದಿಟ್ಟವರಿದ್ದರು. ಕ್ರಿ.ಶ. 845ರಲ್ಲಿ ನಿಧನರಾದ ಇಬ್ನು ಸಅದ್ ತಮ್ಮ ಬೃಹತ್ ಜೀವನಚರಿತ್ರೆ ಕೋಶ ‘ತಬಖಾತ್’ನ ಕೊನೆಯ ಸಂಪುಟವನ್ನು ಮಹಿಳೆಯರಿಗಾಗಿಯೇ ಮೀಸಲಿಟ್ಟರು. ಹದಿನೈದನೆಯ ಶತಮಾನದ ಕೈರೋದಲ್ಲಿ ಇಬ್ನು ಹಜರ್ ಅಸ್ಕಲಾನಿ (ನಿಧನ: 1449) ಸಹಾಬಿಗಳ ಕುರಿತಾದ ‘ಇಸಾಬಾ’ದಲ್ಲಿ ಸಾವಿರಕ್ಕೂ ಮಿಕ್ಕಿ ಮಹಿಳೆಯರನ್ನು ಹೆಸರಿಸಿದರು. ಅವರ ಶಿಷ್ಯ ಸಖಾವಿ (ನಿಧನ: 1497) ತಮ್ಮ ಶತಮಾನದವರ ಚರಿತ್ರೆಯ ಹನ್ನೆರಡನೆಯ ಸಂಪುಟದಲ್ಲಿ ಸಾವಿರಕ್ಕೂ ಮಿಕ್ಕಿ ಮಹಿಳೆಯರ ವೃತ್ತಾಂತ ಕೊಟ್ಟರು.

ಈ ಗ್ರಂಥಗಳಲ್ಲಿ ಮಹಿಳೆ ತನ್ನ ಹೆಸರಿನಿಂದ, ತನ್ನ ತಂದೆಯ ಹೆಸರಿನಿಂದ ಗುರುತಿಸಲ್ಪಟ್ಟಿದ್ದಾಳೆ. ಮದುವೆಯಿಂದ ಅವಳ ಹೆಸರು ಬದಲಾಗಲಿಲ್ಲ. ಪ್ರವಾದಿವರ್ಯರ(ಸ) ಪತ್ನಿಯಾದ ಬಳಿಕವೂ ಹಫ್ಸಾ(ರ) ಉಮರ್‌ರ ಮಗಳು ಹಫ್ಸಾ ಆಗಿಯೇ ಉಳಿದರು. ಹೀಗಾಗಿ ಹುಟ್ಟಿದಾಗ ಇಟ್ಟ ಆ ಒಂದು ಪದ ಅವಳ ಬಾಳಿನುದ್ದಕ್ಕೂ, ಬಾಳಿನ ಬಳಿಕವೂ ಅವಳ ಗುರುತಾಗಿರುತ್ತಿತ್ತು. ಆದರೆ ನಮ್ಮ ಮದುವೆಯ ಆಮಂತ್ರಣ ಪತ್ರಿಕೆಗಳಲ್ಲಿ ಕೆಲವೊಮ್ಮೆ ವಧುವಿನ ಹೆಸರೇ ಇರುವುದಿಲ್ಲ. ‘ಇಂಥವರ ಪುತ್ರಿ’ ಎಂದಷ್ಟೇ ಇರುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ಅಪರೂಪದ ಹೆಸರಿಗಾಗಿ ಅಷ್ಟೊಂದು ಹುಡುಕಿದ ಮನೆಯೇ ಆ ಹೆಸರನ್ನು ಅಚ್ಚಿಸಲು ಹಿಂಜರಿದರೆ ಆ ಹುಡುಕಾಟಕ್ಕೆ ಏನು ಅರ್ಥ? ಆಯಿಶಾ, ಹಫ್ಸಾ, ಝೈನಬ್ ಎಂಬ ಹೆಸರುಗಳನ್ನು ಹೇಳಲು, ಬರೆಯಲು ಸಹಾಬಿಗಳು ನಾಚಿದವರಲ್ಲ.

ನಮ್ಮ ಮಣ್ಣಿನ ಹೆಸರುಗಳು

ಹೆಸರುಗಳು ಊರಿಂದೂರಿಗೆ ಬರುವಾಗ ಆ ಮಣ್ಣಿನ ನುಡಿಯನ್ನು ಉಟ್ಟುಕೊಳ್ಳುತ್ತವೆ. ಕರಾವಳಿಯ ಅಜ್ಜಿಯಂದಿರಲ್ಲಿ ಆಯಿಶಾ ಐಸಮ್ಮಳಾದಳು, ಖದೀಜಾ ಖತೀಜಮ್ಮಳಾದಳು, ಮರ್ಯಮ್ ಮರಿಯಮ್ಮಳಾದಳು, ಫಾತಿಮಾ ಬೀಫಾತಿಮಾ ಆದಳು. ಇವುಗಳನ್ನು ಹಳ್ಳಿಗಾಡಿನ ಹೆಸರುಗಳೆಂದು ಕೀಳಾಗಿ ಕಾಣುವವರಿದ್ದಾರೆ. ಆದರೆ ಅವುಗಳಲ್ಲಿ ಸಹಾಬಿ ಮಹಿಳೆಯರ ಹೆಸರೂ ಕನ್ನಡದ ‘ಅಮ್ಮ’ನೂ ಒಟ್ಟಿಗಿವೆ. ಬಿಜಾಪುರದಲ್ಲಿ 1580ರ ಬಳಿಕ ಬಾಲಕ ಸುಲ್ತಾನ ಎರಡನೆಯ ಇಬ್ರಾಹೀಮ್ ಆದಿಲ್ ಶಾಹನ ಪರವಾಗಿ ರಾಜ್ಯದ ಹೊಣೆ ಹೊತ್ತ, 1595-96ರಲ್ಲಿ ಅಹ್ಮದ್‌ನಗರದ ಕೋಟೆಯನ್ನು ಮೊಘಲ್ ಸೇನೆಯಿಂದ ಕಾಪಾಡಿದ ಚಾಂದ್ ಬೀಬಿಯ ಹೆಸರಂತೂ ಈ ನೆಲದ ನುಡಿಯ ಚಂದ್ರನೇ.

ಕನ್ನಡ ಸಾಹಿತ್ಯವೂ ಇಂತಹ ಪುಟ್ಟ ಹೆಸರುಗಳನ್ನು ಕಂಡಿದೆ. ‘ಚಂದ್ರಗಿರಿಯ ತೀರದಲ್ಲಿ’ ಬರೆದ ಸಾರಾ ಅಬೂಬಕ್ಕರ್‌ರ ಹೆಸರು ಪ್ರವಾದಿ ಇಬ್ರಾಹೀಮ್(ಅ)ರ ಪತ್ನಿಯದು. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್‌ರ ಹೆಸರು ಪಾರಸಿಯಲ್ಲಿ ಮಾನ್ಯ ಮಹಿಳೆ ಎಂಬರ್ಥದ್ದು. ಕನ್ನಡದ ಕಿವಿಗೆ ಅದು ಆಕಾಶ. ಒಂದೇ ಹೆಸರು ಎರಡು ಭಾಷೆಗಳಲ್ಲಿಯೂ ಬೆಳಗುವುದುಂಟು. ಮಗು ಬೆಳೆಯುವ ನಾಡಿನ ಭಾಷೆಯಲ್ಲಿ ಹೆಸರು ಹೇಗೆ ಕೇಳಿಸುತ್ತದೆ ಎಂಬುದನ್ನೂ ಒಮ್ಮೆ ಯೋಚಿಸಬೇಕು. ಇಸ್ಲಾಮಿನ ಮೊದಲ ಹುತಾತ್ಮರಾದ ಸುಮಯ್ಯಾ(ರ)ರ ಹೆಸರು ತಿಮ್ಮಯ್ಯ, ರಾಮಯ್ಯಗಳ ನಾಡಿನಲ್ಲಿ ಅರಿಯದವರಿಗೆ ಗಂಡಸಿನ ಹೆಸರಿನಂತೆ ಕೇಳಿಸಬಹುದು. ಅದಕ್ಕಾಗಿ ಆ ಹೆಸರನ್ನು ಬಿಡಬೇಕಾಗಿಲ್ಲ. ಅಬೂ ಜಹಲನ ಈಟಿಗೆ ಎದೆಯೊಡ್ಡಿದರೂ ವಿಶ್ವಾಸ ಬಿಡದ ಆ ತಾಯಿಯ ಕಥೆಯನ್ನು ಮಗಳಿಗೆ ಕಲಿಸಿದರೆ, ಕೇಳಿದವರಿಗೆ ಅವಳೇ ಉತ್ತರಿಸುತ್ತಾಳೆ.

ಅಪರೂಪ ಎಂದರೇನು?

ಹೆಸರಿನ ಹುಡುಕಾಟದಲ್ಲಿರುವ ಸಹೋದರ ಸಹೋದರಿಯರು ಆತುರ ಪಡಬೇಕಾಗಿಲ್ಲ. 1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆಯೂ ಹೆಸರಿಲ್ಲದೆ ಜನನವನ್ನು ನೋಂದಾಯಿಸಿ ಅನಂತರ ಹೆಸರು ಸೇರಿಸಲು ಅವಕಾಶ ಕೊಟ್ಟಿದೆ. ಅರಬಿ ಬರಹವನ್ನು ನೋಡಿ, ಅರ್ಥವನ್ನು ಕೇಳಿ, ಅದರಲ್ಲಿ ಅಹಂಕಾರವಾಗಲಿ ಅವಮಾನವಾಗಲಿ ಇಲ್ಲವೆಂದು ಖಚಿತಪಡಿಸಿಕೊಂಡು, ಆ ಹೆಸರನ್ನು ಹೊತ್ತು ಬಾಳಿದವರು ಯಾರೆಂದು ತಿಳಿದುಕೊಳ್ಳಿರಿ. ಬಳಿಕ ಎಲ್ಲ ದಾಖಲೆಗಳಲ್ಲಿಯೂ ಒಂದೇ ರೀತಿಯಲ್ಲಿ ಬರೆಯಿಸಿರಿ.

ಯಾರಿಗೂ ಇಲ್ಲದ ಹೆಸರನ್ನು ಅಕ್ಷರ ಜೋಡಿಸಿ ಹೊಸದಾಗಿ ಮಾಡಬಹುದು. ಆದರೆ ಅದರ ಹಿಂದೆ ನಿಲ್ಲಲು ಯಾರೂ ಇರುವುದಿಲ್ಲ. ಮಗಳು ಏಳೆಂಟು ವರ್ಷದವಳಾದಾಗ ತನಗೆ 'ಈ ಹೆಸರನ್ನು ಏಕೆ ಇಟ್ಟಿರಿ' ಎಂದು ಕೇಳಿಯೇ ಕೇಳುತ್ತಾಳೆ. ಯಾರಿಗೂ ಇರಲಿಲ್ಲ, ಆದ್ದರಿಂದ ಇಟ್ಟೆವು ಎಂಬ ಉತ್ತರ ಅಲ್ಲಿಗೇ ಮುಗಿಯುತ್ತದೆ. ಕುರ್‌ಆನಿನ ಹಾಳೆಗಳನ್ನು ಕಾಪಾಡಿದವರಿಗೆ ಬರಹ ಕಲಿಸಿದಾಕೆ ಶಿಫಾ ಎಂದು ಹೇಳಿದರೆ, ಅಥವಾ ಬಾಗಿಲಲ್ಲಿ ಕೇಳಿದ ದನಿಯಿಂದಲೇ ಪ್ರವಾದಿವರ್ಯರ(ಸ) ಮನಸ್ಸನ್ನು ಕಲಕಿದಾಕೆ ಹಾಲಾ ಎಂದು ಹೇಳಿದರೆ, ಆ ಮಗುವಿಗೆ ಹೆಸರಿನೊಂದಿಗೆ ಒಬ್ಬ ಹಿರಿಯಳೂ ದೊರೆಯುತ್ತಾಳೆ.

ಒಂದು ಕಾಲದಲ್ಲಿ ಹೆಸರೇ ಇಲ್ಲದೆ ಮಣ್ಣಾದ ಹೆಣ್ಣುಮಕ್ಕಳಿದ್ದರು. ಇಂದಿಗೂ ಹೆಣ್ಣು ಹುಟ್ಟಿತೆಂದು ಕೇಳಿ ಮುಖ ಬಾಡುವ ಮನೆಗಳು, ಗರ್ಭದಲ್ಲಿಯೇ ಹೆಣ್ಣನ್ನು ಅಳಿಸುವ ಕೈಗಳು ಇಲ್ಲದಿಲ್ಲ. ಅಂತಹ ಲೋಕದಲ್ಲಿ ಮಗಳ ಹೆಸರನ್ನು ಸಂತೋಷದಿಂದ ಸಾರುವುದು, ಅವಳ ಬಾಳಿನುದ್ದಕ್ಕೂ ಗೌರವದಿಂದ ಉಚ್ಚರಿಸುವುದು ತಂದೆತಾಯಿಯರ ಮೇಲಿರುವ ಹೊಣೆ. ನಮ್ಮ ಹೆಣ್ಣುಮಕ್ಕಳಿಗೆ ಉತ್ತಮ ಹೆಸರನ್ನೂ, ಆ ಹೆಸರಿಗೆ ತಕ್ಕ ಬಾಳನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.